ತಲೆಪೆಟ್ಟಿನ ಚೀಟಿಯಲ್ಲಿ ‘ಡ್ರೌಸಿ’ ಅಂತಷ್ಟೇ ಬರೆಯಬೇಡಿ

ಹಿರಿಯೂರು, ಚಿತ್ರದುರ್ಗ, ದಾವಣಗೆರೆ ದಾಟಿ ಹೋಗುವ ಹೆದ್ದಾರಿ 48ರಲ್ಲಿ ರಾತ್ರಿ ಬೈಕಿನಿಂದ ಬಿದ್ದವರನ್ನು 108 ಮೊದಲು ಒಯ್ಯುವುದು ಹತ್ತಿರದ ಆಸ್ಪತ್ರೆಗೆ. ಅಲ್ಲಿ ನರಶಸ್ತ್ರಚಿಕಿತ್ಸಕರು ಇರುವುದಿಲ್ಲ, ಎಷ್ಟೋ ಕಡೆ ಸಿಟಿ ಸ್ಕ್ಯಾನೂ ಇರುವುದಿಲ್ಲ. ಹಾಗಾಗಿ ರೋಗಿ ಮುಂದಿನ ಊರಿಗೆ ಹೊರಡುತ್ತಾನೆ. ಜೊತೆಗೆ ಬರುವ ಚೀಟಿಯಲ್ಲಿ ‘ಪೇಷಂಟ್ ಡ್ರೌಸಿ’ (ರೋಗಿ ಮಂಪರಿನಲ್ಲಿದ್ದಾನೆ) ಎಂಬ ಎರಡೇ ಪದ. ಆಪರೇಷನ್ ಮಾಡಬೇಕೋ ಕಾಯಬೇಕೋ ಎಂದು ತೀರ್ಮಾನಿಸುವವರಿಗೆ ಆ ಎರಡು ಪದ ಏನೂ ಹೇಳುವುದಿಲ್ಲ. ಅವರಿಗೆ ಬೇಕಿರುವುದು ಆಗ ಹೇಗಿದ್ದ, ಈಗ ಹೇಗಿದ್ದಾನೆ ಎಂಬ ಲೆಕ್ಕ. ಮೊದಲು ನೋಡಿದ ಡ್ಯೂಟಿ ಡಾಕ್ಟರ್ ಬರೆದಿಡದಿದ್ದರೆ ‘ಆಗ’ ಹೇಗಿದ್ದ ಎಂಬುದು ಯಾರಿಗೂ ಸಿಗುವುದಿಲ್ಲ.

1974ರಲ್ಲಿ ಟೀಸ್‌ಡೇಲ್ ಮತ್ತು ಜೆನೆಟ್ ರೂಪಿಸಿದ ಗ್ಲ್ಯಾಸ್ಗೊ ಅಳತೆ, ಅಂದರೆ ಪ್ರಜ್ಞೆಯ ಮಟ್ಟಕ್ಕೆ ಅಂಕ ಕೊಡುವ ಪದ್ಧತಿ, ಡಾಕ್ಟರುಗಳಿಗೆಲ್ಲ ಪರಿಚಿತ: ಕಣ್ಣಿಗೆ (ಇ) 4, ಮಾತಿಗೆ (ವಿ) 5, ಕೈಕಾಲಿನ ಚಲನೆಗೆ (ಎಂ) 6. ಬರೆಯುವಾಗ ಬರೀ ‘13’ ಅನ್ನಬೇಡಿ. ‘ಇ3 ವಿ4 ಎಂ6, ರಾತ್ರಿ 10.20’ ಅಂತ ಬಿಡಿಸಿ, ಸಮಯ ಸಮೇತ ಬರೆಯಿರಿ. ಮೂರರಲ್ಲಿ ಹೆಚ್ಚು ತೂಕ ಎಂಗೆ. ಹೆಚ್ಚು ತಪ್ಪಾಗುವುದೂ ಅಲ್ಲೇ. ‘ಕೈ ಹಿಡ್ಕೊಳಪ್ಪ’ ಅಂದಾಗ ಹಿಡಿದರೆ 6 ಕೊಟ್ಟುಬಿಡುತ್ತೇವೆ. ಅಂಗೈಗೆ ಏನಾದರೂ ತಾಗಿದರೆ ಬೆರಳು ತಾವಾಗಿಯೇ ಮಡಚಿಕೊಳ್ಳುವುದುಂಟು. ‘ಬಿಡು’ ಅಂದಾಗ ಬಿಡಬೇಕು, ಇಲ್ಲವೇ ‘ನಾಲಗೆ ಚಾಚು’ ಅಂದಾಗ ಚಾಚಬೇಕು. ಅದು ನಿಜವಾದ 6. ಹೇಳಿದ ಮಾತು ಕೇಳದಿದ್ದರೆ ಹುಬ್ಬಿನ ಮೂಳೆಯ ಒಳಭಾಗದ ಕುಳಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ಕೈ ಕೊರಳೆಲುಬು ದಾಟಿ ನಿಮ್ಮ ಬೆರಳಿನ ಕಡೆ ಬಂದರೆ 5. ಎರಡು ಕೈ ಬೇರೆ ಬೇರೆ ಉತ್ತರ ಕೊಟ್ಟರೆ ಅಳತೆಗೆ ಒಳ್ಳೆಯ ಕೈಯನ್ನು ಹಿಡಿಯಿರಿ, ಸೋತ ಕೈ ಯಾವುದು ಅಂತ ಪಕ್ಕದಲ್ಲೇ ಬರೆಯಿರಿ. ಒಟ್ಟು 8 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಶ್ವಾಸನಾಳಕ್ಕೆ ಟ್ಯೂಬ್ ಹಾಕದೆ ಆಂಬ್ಯುಲೆನ್ಸ್ ಹತ್ತಿಸಬಾರದು.

ಬಾಯಲ್ಲಿ ಸಾರಾಯಿ ವಾಸನೆ ಬಂದರೆ ‘ಕುಡಿದಿದ್ದಾನೆ, ಮಲಗಲಿ’ ಅನ್ನುವುದು ನಾನು ಕಂಡಂತೆ ಅತ್ಯಂತ ದುಬಾರಿ ತೀರ್ಮಾನ. ಕುಡಿದವನ ಪ್ರಜ್ಞೆ ಹೊತ್ತು ಹೋದಂತೆ ಸುಧಾರಿಸಬೇಕು. ಇಳಿಯುತ್ತಿದ್ದರೆ ಅದಕ್ಕೆ ಕಾರಣ ತಲೆಯೊಳಗಿದೆ. ಬೆರಳು ಚುಚ್ಚಿ ಸಕ್ಕರೆ ನೋಡಲು ಒಂದು ನಿಮಿಷವೂ ಬೇಡ, ಅದನ್ನೂ ಬಿಡಬೇಡಿ.

ಎಕ್ಸ್‌ಟ್ರಾಡ್ಯೂರಲ್ ರಕ್ತಸ್ರಾವ (ತಲೆಬುರುಡೆಗೂ ಮೆದುಳಿನ ಹೊರಪೊರೆಗೂ ನಡುವೆ ರಕ್ತ ಸೇರುವುದು) ಮನೆಯವರನ್ನು ಮೋಸಗೊಳಿಸುವ ರೀತಿ ಬೇರೆ. ಕಿವಿಯ ಮೇಲಿನ ತೆಳು ಮೂಳೆ ಬಿರಿದು, ಅದರ ಒಳಮೈಗೆ ಅಂಟಿದ ರಕ್ತನಾಳ ಹರಿಯುತ್ತದೆ. ಹುಡುಗ ಎದ್ದು ಕೂರುತ್ತಾನೆ, ಮಾತಾಡುತ್ತಾನೆ, ‘ಮನೆಗೆ ಹೋಗೋಣ’ ಅನ್ನುತ್ತಾನೆ. ಒಂದೆರಡು ಗಂಟೆಗೆ ತಲೆನೋವು ಏರುತ್ತದೆ, ವಾಂತಿ ಶುರುವಾಗುತ್ತದೆ, ನಿದ್ದೆ ಎಳೆಯುತ್ತದೆ. ಆಮೇಲೆ ಹೆಪ್ಪುಗಟ್ಟಿದ ರಕ್ತದ ಗಡ್ಡೆಯ ಕಡೆಯ ಕಣ್ಣಿನ ಪಾಪೆ ಹಿಗ್ಗುತ್ತದೆ, ಎದುರು ಬದಿಯ ಕೈಕಾಲು ಸೋಲುತ್ತದೆ. ನಾಡಿ ನಿಧಾನವಾಗಿ ಬಿಪಿ ಏರುವವರೆಗೆ ಕಾಯ್ದರೆ ತಡವಾಯಿತು ಅಂತಲೇ ಅರ್ಥ.

ಸ್ಕ್ಯಾನಿನಲ್ಲಿ ಗಡ್ಡೆಯ ಗಾತ್ರವನ್ನು ಡ್ಯೂಟಿ ಡಾಕ್ಟರೇ ಲೆಕ್ಕ ಹಾಕಬಹುದು. ರಕ್ತ ಅತಿ ದೊಡ್ಡದಾಗಿ ಕಾಣುವ ಚಿತ್ರದಲ್ಲಿ ಉದ್ದ, ಅದಕ್ಕೆ ಅಡ್ಡವಾಗಿ ದಪ್ಪ, ಆಮೇಲೆ ಮೇಲಿಂದ ಕೆಳಗಿನ ಎತ್ತರ, ಮೂರನ್ನೂ ಸೆಂಟಿಮೀಟರಿನಲ್ಲಿ ಗುಣಿಸಿ ಎರಡರಿಂದ ಭಾಗಿಸಿ. 6, 3, 4 ಇದ್ದರೆ 36 ಮಿಲಿ. 30 ಮಿಲಿ ಮೀರಿದ ಎಕ್ಸ್‌ಟ್ರಾಡ್ಯೂರಲ್ ಗಡ್ಡೆಯನ್ನು ರೋಗಿ ಮಾತಾಡುತ್ತಿದ್ದರೂ ತೆಗೆಯಬೇಕು. 5, 1.2, 4 ಇದ್ದರೆ 12 ಮಿಲಿ. ದಪ್ಪ 15 ಮಿಮೀಗಿಂತ ಕಡಿಮೆ, ಮೆದುಳಿನ ನಡುಗೆರೆ ಸರಿದಿರುವುದು 5 ಮಿಮೀಗಿಂತ ಕಡಿಮೆ, ಗ್ಲ್ಯಾಸ್ಗೊ ಅಳತೆ 8ಕ್ಕಿಂತ ಮೇಲೆ, ಕೈಕಾಲು ಸೋತಿಲ್ಲ ಎಂದಾದರೆ ಆಪರೇಷನ್ ಇಲ್ಲದೆ ಕಾಯಬಹುದು. ಆದರೆ ನರಶಸ್ತ್ರಚಿಕಿತ್ಸಕರು ಇರುವ ಕಡೆಯೇ ಕಾಯಬೇಕು, 6ರಿಂದ 8 ಗಂಟೆಯೊಳಗೆ ಇನ್ನೊಂದು ಸ್ಕ್ಯಾನ್ ಆಗಬೇಕು. ಸಬ್‌ಡ್ಯೂರಲ್ (ಮೆದುಳಿನ ಹೊರಪೊರೆಯ ಕೆಳಗಿನ ರಕ್ತ) ಆದರೆ ಗೆರೆ ಬೇರೆ: ದಪ್ಪ 10 ಮಿಮೀ ಅಥವಾ ನಡುಗೆರೆಯ ಸರಿತ 5 ಮಿಮೀ ದಾಟಿದರೆ ಆಪರೇಷನ್. ಅಪಘಾತವಾಗಿ ಅರ್ಧ ಗಂಟೆಗೆ ತೆಗೆದ ಸ್ಕ್ಯಾನ್ ‘ನಾರ್ಮಲ್’ ಬಂದರೂ ಪ್ರಜ್ಞೆ ಒಂದೆರಡು ಅಂಕ ಇಳಿದರೆ ಮತ್ತೆ ತೆಗೆಯಿರಿ, ಖರ್ಚಿನ ಮಾತು ಆಮೇಲೆ ಇರಲಿ.

ಸಾಗಿಸುವ ಮುನ್ನ ಕೊಡುವ ಔಷಧಿಗಳಲ್ಲೂ ಹಳೆಯ ಅಭ್ಯಾಸಗಳು ಉಳಿದುಬಿಟ್ಟಿವೆ. ಮನೆಯವರು ‘ಒಂದು ಗ್ಲೂಕೋಸ್ ಹಾಕಿ’ ಅನ್ನುತ್ತಾರೆ. 5% ಡೆಕ್ಸ್‌ಟ್ರೋಸ್ ಮೆದುಳಿನ ಊತ ಹೆಚ್ಚಿಸುತ್ತದೆ, ನಾರ್ಮಲ್ ಸಲೈನ್ ಹಾಕಿ. ತಲೆಯೊಳಗಿನ ಒತ್ತಡ ಇಳಿಸುವ ಮ್ಯಾನಿಟಾಲ್ ಎಲ್ಲರಿಗೂ ಕೊಡುವ ಔಷಧಿಯಲ್ಲ. ಪಾಪೆ ಹಿಗ್ಗಿದ್ದರೆ, ಪ್ರಜ್ಞೆ ಬೇಗ ಇಳಿಯುತ್ತಿದ್ದರೆ ಮಾತ್ರ ಕೊಡಿ. ಕಿಲೋ ತೂಕಕ್ಕೆ 0.25ರಿಂದ 1 ಗ್ರಾಂ. 20% ಬಾಟಲಿಯ 100 ಮಿಲಿಯಲ್ಲಿ 20 ಗ್ರಾಂ ಇರುತ್ತದೆ, ಅಂದರೆ 60 ಕಿಲೋದವರಿಗೆ ಪೂರ್ಣ ಡೋಸ್ 300 ಮಿಲಿ. ಮೂತ್ರದ ಕ್ಯಾಥೆಟರ್ ಹಾಕಿರಬೇಕು. ಬಿಪಿ ಇಳಿದಿದ್ದರೆ ಕೊಡಲೇಬಾರದು. ಬಿಪಿ ಇಳಿದಿದೆ ಅಂದರೆ ದೊಡ್ಡವರಲ್ಲಿ ತಲೆಪೆಟ್ಟೊಂದೇ ಅದಕ್ಕೆ ಕಾರಣವಾಗುವುದು ಅಪರೂಪ. ಹೊಟ್ಟೆ, ಎದೆ, ಸೊಂಟದ ಮೂಳೆ ನೋಡಿ. ತಲೆಪೆಟ್ಟಿಗೆ ಸ್ಟಿರಾಯ್ಡ್ ಕೊಡಬಾರದು ಅನ್ನುವುದು 2004ರಲ್ಲೇ ತೀರ್ಮಾನವಾಗಿದೆ. ಹತ್ತು ಸಾವಿರ ರೋಗಿಗಳ ಕ್ರ್ಯಾಶ್ ಅಧ್ಯಯನದಲ್ಲಿ ಎರಡು ವಾರದೊಳಗಿನ ಸಾವು ಸ್ಟಿರಾಯ್ಡ್ ಪಡೆದವರಲ್ಲಿ ಸುಮಾರು 21%, ಪಡೆಯದವರಲ್ಲಿ ಸುಮಾರು 18%. ಮೆದುಳಿನ ಗೆಡ್ಡೆಯ (ಟ್ಯೂಮರ್) ಸುತ್ತಲಿನ ಊತಕ್ಕೆ ಡೆಕ್ಸಾಮೆಥಾಸೋನ್ ಎಂಬ ಸ್ಟಿರಾಯ್ಡ್ ಚೆನ್ನಾಗಿ ಕೆಲಸ ಮಾಡುತ್ತದೆ. ಪೆಟ್ಟಿಗೂ ಅದನ್ನೇ ಚುಚ್ಚುವ ರೂಢಿ ಅಲ್ಲಿಂದ ಬಂದದ್ದಿರಬೇಕು. ಗೆಡ್ಡೆಯಲ್ಲೂ ಲಿಂಫೋಮಾ ಎಂಬ ಬಗೆಯ ಕ್ಯಾನ್ಸರಿನ ಸಂಶಯವಿದ್ದರೆ ಬಯಾಪ್ಸಿಗೆ ಮುಂಚೆ ಕೊಡಬಾರದು. ಗೆಡ್ಡೆ ಕರಗಿದಂತಾಗಿ ರೋಗನಿರ್ಣಯವೇ ಕೈತಪ್ಪುತ್ತದೆ.

ಚನ್ನಗಿರಿ ಕಡೆ ಅಡಿಕೆ ಮರದಿಂದ, ಹೊಸದುರ್ಗದ ಕಡೆ ತೆಂಗಿನ ಮರದಿಂದ ಬಿದ್ದವರನ್ನು ಎತ್ತುವ ರೀತಿಯೇ ಮುಂದಿನ ಬದುಕನ್ನು ನಿರ್ಧರಿಸಬಹುದು. ಕಂಕುಳಿಗೆ ಕೈ ಹಾಕಿ ಕೂರಿಸಿ, ಆಟೋದಲ್ಲಿ ಮಡಚಿ ಕರೆತಂದರೆ ಮುರಿದ ಬೆನ್ನುಮೂಳೆ ಒಳಗಿನ ಹುರಿಯನ್ನು ಒತ್ತುತ್ತದೆ. ಒಬ್ಬರು ತಲೆ ಮತ್ತು ಕತ್ತನ್ನು ಎರಡೂ ಕೈಯಲ್ಲಿ ಭದ್ರವಾಗಿ ಹಿಡಿದು ಎಣಿಸಬೇಕು, ಮೂವರು ಭುಜ, ಸೊಂಟ, ಕಾಲು ಹಿಡಿದು ಅವರ ಎಣಿಕೆಗೆ ಒಂದೇ ಸಲ ಹೊರಳಿಸಬೇಕು, ಐದನೆಯವರು ಹಲಗೆ ಒಳಸರಿಸಬೇಕು. ಹಲಗೆ ಇಲ್ಲದಿದ್ದರೆ ಮನೆಯ ಬಾಗಿಲೊಂದನ್ನು ಕಳಚಿ ತಂದರೂ ಆಯಿತು. ಆಸ್ಪತ್ರೆಗೆ ಬಂದ ಮೇಲೆ ಬಿಪಿ ಕಡಿಮೆಯಿದ್ದು ನಾಡಿಯೂ ನಿಧಾನವಾಗಿ, ಕೈಕಾಲು ಬೆಚ್ಚಗಿದ್ದರೆ ಹುರಿಗೆ ಪೆಟ್ಟಾಗಿರಬಹುದು. ನಾಡಿ ಓಡುತ್ತಿದ್ದರೆ ರಕ್ತ ಎಲ್ಲಿ ಸೋರುತ್ತಿದೆ ಅಂತ ಹುಡುಕಿ. ಕಾಲಿನ ಬಲ, ಗುದದ್ವಾರದ ಸುತ್ತಲಿನ ಸ್ಪರ್ಶ, ಮೂತ್ರ ಕಟ್ಟಿದೆಯೇ, ಈ ಮೂರನ್ನೂ ಸಮಯ ಹಾಕಿ ಬರೆಯಿರಿ.

ಮನೆಗೆ ಕಳಿಸುವಾಗ ಅಜ್ಜ ಅಜ್ಜಿಯರ ಬಗ್ಗೆ ಒಂದು ಮಾತು ಹೇಳಿ ಕಳಿಸಿ, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಿಗಂತೂ ಮರೆಯದೆ. ಬಚ್ಚಲಲ್ಲಿ ಜಾರಿ ತಲೆ ತಾಗಿದ ಮೂರು ನಾಲ್ಕು ವಾರಕ್ಕೆ ನಡಿಗೆ ತಡವರಿಸಿದರೆ, ಮಾತು ಮರೆತರೆ, ಬಟ್ಟೆಯಲ್ಲೇ ಮೂತ್ರ ಹೋದರೆ ‘ವಯಸ್ಸಾಯ್ತು’ ಅಂದುಕೊಳ್ಳದೆ ಸ್ಕ್ಯಾನ್ ಮಾಡಿಸಲಿ. ತಲೆಬುರುಡೆಗೆ ಒಂದೆರಡು ಸಣ್ಣ ತೂತು ಕೊರೆದು ಒಳಗೆ ನಿಧಾನವಾಗಿ ಸೇರಿಕೊಂಡ ಹಳೆಯ ರಕ್ತ ಹೊರಬಿಟ್ಟರೆ ಎಷ್ಟೋ ಜನ ಕೆಲವೇ ದಿನಗಳಲ್ಲಿ ಎದ್ದು ಓಡಾಡುತ್ತಾರೆ.