ಕೂದಲು ಎರಚುವ ಜೇಡ

ಡಲ್ಲಾಸ್‌ನಲ್ಲಿ ಗೆಳೆಯನ ಮಗಳು ಟೆಕ್ಸಸ್ ಕಂದು ಟರಾಂಟುಲಾ ಸಾಕಿದ್ದಾಳೆ.

ಇವತ್ತು ನೀರಿನ ಬಟ್ಟಲು ತೆಗೆಯೋಕೆ ಚಿಮಟ ಇಳಿಸಿದ್ದೇ ತಡ, ಜೇಡ ಬೆನ್ನು ತಿರುಗಿಸಿ ಹಿಂಗಾಲಿನಿಂದ ಹೊಟ್ಟೆಯನ್ನು ಪರಪರ ಕೆರೆಯಿತು.

"ಅಂಕಲ್, ಮುಖ ಹತ್ರ ತರಬೇಡಿ!"

ಎರಚಿದ್ದು ಸಣ್ಣ ಕೂದಲು. ಚರ್ಮಕ್ಕೆ ತಾಗಿದರೆ ನವೆ, ಕಣ್ಣಿಗೆ ಬಿದ್ದರೆ ಫಜೀತಿ. ಹೊಟ್ಟೆ ಮೇಲೆ ಹುಣಸೆ ಬೀಜದಷ್ಟು ಜಾಗ ಬೋಳಾಗಿತ್ತು, ಪಾಪ. ಪೊರೆ ಬಿಟ್ಟಾಗ ಹೊಸ ಕೂದಲು ಬರುತ್ತೆ.

ನಮ್ಮ ಪಶ್ಚಿಮ ಘಟ್ಟದ ಟರಾಂಟುಲಾಗಳಿಗೆ ಈ ಅಸ್ತ್ರವೇ ಇಲ್ಲ. ಮೊದಲು ಓಡುತ್ತವೆ. ದಾರಿ ಇಲ್ಲದಿದ್ದರೆ ಮುಂಗಾಲೆತ್ತಿ ಹಲ್ಲು ತೋರಿಸುತ್ತವೆ. ಆಮೇಲೂ ನಾವು ಕೈ ಹಾಕಿದರೆ ಕಚ್ಚುತ್ತವೆ. ಇಷ್ಟು ಸಲ ಎಚ್ಚರಿಸಿದ ಮೇಲೂ ಅದಕ್ಕೇ ಸಿಟ್ಟು ಜಾಸ್ತಿ ಅಂತೀವಲ್ಲ! ವಿಷ ಬೇಕಿರೋದು ಬೇಟೆಗೆ. ಸುಮ್ನೆ ನಮ್ಮ ಬೆರಳಿಗೆ ಯಾಕೆ ಖರ್ಚು ಮಾಡುತ್ತೆ, ಅಲ್ವಾ?