ಆ ರಾತ್ರಿ ನಾನು ಕತ್ತರಿಸಿದ ಆರು ಸಾಲು

2015ರ ಮಾರ್ಚ್ 31ರ ರಾತ್ರಿ ನಾನು ಕೊಟ್ಟ ಒಂದು ಶೀರ್ಷಿಕೆ ಇಂದಿಗೂ ನನ್ನನ್ನು ಚುಚ್ಚುತ್ತದೆ. ಆಗ ನಾನು ದಾವಣಗೆರೆಯ ದಿನಪತ್ರಿಕೆಯೊಂದರ ಡೆಸ್ಕಿನಲ್ಲಿ ದೇಶ–ವಿದೇಶ ಪುಟ ನೋಡಿಕೊಳ್ಳುತ್ತಿದ್ದೆ. ಚಳ್ಳಕೆರೆ, ಹಿರಿಯೂರಿನ ಬಂಡಲ್ ಮೊದಲು ಹೊರಡಬೇಕಾದ್ದರಿಂದ ಹತ್ತೂವರೆಗೆ ಪುಟ ಸಿಟಿಪಿಗೆ, ಅಂದರೆ ಅಚ್ಚಿನ ಪ್ಲೇಟ್ ತೆಗೆಯುವ ಯಂತ್ರಕ್ಕೆ, ಹೋಗಲೇಬೇಕಿತ್ತು. ಹತ್ತು ದಾಟಿದ ಮೇಲೆ ನೈಜೀರಿಯಾದ ಚುನಾವಣಾ ಸುದ್ದಿಯ ಕಾಪಿ ಬಂತು. ಅಧ್ಯಕ್ಷ ಗುಡ್‌ಲಕ್ ಜೊನಾಥನ್ ಸೋತಿದ್ದರು; ಮುಹಮ್ಮದು ಬುಹಾರಿ ಗೆದ್ದಿದ್ದರು.

ಯುನಿಕೋಡ್ ಕಾಪಿಯನ್ನು ಪುಟದ ತಂತ್ರಾಂಶಕ್ಕೆ ಹಾಕಿದಾಗಲೆಲ್ಲ ಫಾಂಟ್ ಬದಲಿಸುವ ಕನ್ವರ್ಟರ್ ಅರ್ಕಾವತ್ತುಗಳನ್ನು ಒಡೆಯುತ್ತಿತ್ತು. ಅದನ್ನು ಸರಿಪಡಿಸಿಕೊಡಿ ಎಂದು ನಾವು ಬರೆದುಕೊಟ್ಟ ಮನವಿಗೆ ಆಡಳಿತ ಮಂಡಳಿ ಉತ್ತರ ಕೊಟ್ಟಿರಲಿಲ್ಲ, ಇಬ್ಬರು ಮಾಡುವ ಪುಟವನ್ನು ಒಬ್ಬನಿಗೇ ವಹಿಸಿದ್ದೂ ಅದೇ ಮಂಡಳಿ. ಒಂದೊಂದೇ ಅಕ್ಷರ ತಿದ್ದುತ್ತ ಕುಳಿತಿದ್ದ ನನ್ನ ಹಿಂದೆ ಚೀಫ್ ಸಬ್ (ಮುಖ್ಯ ಉಪಸಂಪಾದಕರು) ಬಂದು ನಿಂತರು. "ಏಳು ನಿಮಿಷ ಇದೆ" ಎಂದಷ್ಟೇ ಹೇಳಿದರು.

ಆ ಏಳು ನಿಮಿಷಗಳಲ್ಲಿ ನನಗೆ ನೆನಪಾದದ್ದು ಹಳೆಯ ಬುಹಾರಿ ಮಾತ್ರ. 1983ರ ಡಿಸೆಂಬರ್ 31ರ ಸೇನಾ ಕ್ರಾಂತಿಯಿಂದ ಅಧಿಕಾರಕ್ಕೆ ಬಂದು, 1985ರ ಆಗಸ್ಟ್‌ನಲ್ಲಿ ಇನ್ನೊಂದು ಸೇನಾ ಕ್ರಾಂತಿಯಿಂದಲೇ ಕೆಳಗಿಳಿದ ಜನರಲ್ ಅವರು. ಸರ್ಕಾರಕ್ಕೆ ಮುಜುಗರ ತರುವ ವರದಿ ಬರೆದವರನ್ನು ಜೈಲಿಗೆ ಕಳಿಸಲು 1984ರಲ್ಲಿ 'ಡಿಕ್ರಿ 4' ಹೊರಡಿಸಿ, ಇಬ್ಬರು ಪತ್ರಕರ್ತರನ್ನು ಅದರಡಿ ಸೆರೆಗೆ ತಳ್ಳಿದ್ದು ಅವರ ಆಡಳಿತವೇ. ಪತ್ರಿಕೆಯ ಕೆಲಸದಲ್ಲಿರುವ ನನಗೆ ಅದನ್ನು ನೆನೆದು ಸಿಟ್ಟು ಬಂತು. 'ನೈಜೀರಿಯಾ ಮತ್ತೆ ಮಾಜಿ ಸರ್ವಾಧಿಕಾರಿ ವಶ' ಎಂದು ಶೀರ್ಷಿಕೆ ಹಾಕಿದೆ. ಪಾಲಿಕೆ ಇಂಥ ಪಕ್ಷದ ವಶ, ಪಂಚಾಯಿತಿ ಇಂಥವರ ವಶ ಎಂದು ಬರೆದೂ ಬರೆದೂ ಕೈಗೆ ಅಭ್ಯಾಸವಾಗಿದ್ದ ಪದ, ಕಾಲಂ ಅಳತೆಗೂ ಸರಿಯಾಗಿ ಕೂತಿತು. ಕಾಪಿ ಆರು ಸಾಲು ಹೆಚ್ಚಾಯಿತು. ಕೊನೆಯ ಪ್ಯಾರಾ ತೆಗೆದು ಪುಟ ಬಿಟ್ಟೆ.

ಮರುದಿನ ಚಳ್ಳಕೆರೆಯಿಂದ ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರು ಫೋನ್ ಮಾಡಿದರು. "ಅಲ್ಲಿ ಮತ್ತೆ ಮಿಲಿಟರಿ ಬಂತೇನ್ರೀ?" ಎಂದು ಕೇಳಿದರು. ಇಲ್ಲ, ಚುನಾವಣೆ ನಡೆದಿದೆ ಎಂದೆ. "ಹಾಗಾದರೆ ಸೋತವರು ಏನು ಮಾಡಿದರು? ಅದನ್ನೇ ನೀವು ಬರೆದಿಲ್ಲವಲ್ಲ. 77ರಲ್ಲಿ ಇಂದಿರಾ ಗಾಂಧಿ ಸೋತಾಗ ನಾವೆಲ್ಲ ಕಾಯುತ್ತಿದ್ದದ್ದು ಅದೊಂದನ್ನೇ" ಎಂದರು. ನನ್ನ ಬಳಿ ಉತ್ತರವಿರಲಿಲ್ಲ. ಅಧಿಕೃತ ಘೋಷಣೆಗೂ ಮೊದಲೇ ಜೊನಾಥನ್ ತಾವಾಗಿಯೇ ಬುಹಾರಿಗೆ ಫೋನ್ ಮಾಡಿ ಅಭಿನಂದಿಸಿದ್ದರು ಎಂಬ ಮಾತು ಇದ್ದದ್ದು ನಾನು ಕತ್ತರಿಸಿದ ಆ ಆರು ಸಾಲುಗಳಲ್ಲಿ. ನೈಜೀರಿಯಾದಲ್ಲಿ ಅಧಿಕಾರದಲ್ಲಿದ್ದ ಅಧ್ಯಕ್ಷರೊಬ್ಬರು ಮತದಾನದಲ್ಲಿ ಸೋತದ್ದು ಅದೇ ಮೊದಲು. 2003, 2007, 2011ರಲ್ಲಿ ಸ್ಪರ್ಧಿಸಿ ಸೋತಿದ್ದ ಬುಹಾರಿಗೆ ಈ ಸಲ ಸುಮಾರು 25 ಲಕ್ಷ ಮತಗಳ ಅಂತರದಲ್ಲಿ ಜನರೇ ಅಧಿಕಾರ ಕೊಟ್ಟಿದ್ದರು. ಅದನ್ನು 'ವಶ' ಎಂದು ಬರೆದು, ಕೊಟ್ಟವರನ್ನೂ ಬಿಟ್ಟುಕೊಟ್ಟವರನ್ನೂ ನಾನು ಸುದ್ದಿಯಿಂದ ಅಳಿಸಿದ್ದೆ.

ಅಂದಿನಿಂದ ಇಂಥ ಸುದ್ದಿ ಬಂದಾಗ ಮೊದಲು ಸೋತವರನ್ನು ಹುಡುಕುತ್ತೇನೆ. 1972ರ ಸೇನಾ ಕ್ರಾಂತಿಯಿಂದ ಅಧಿಕಾರಕ್ಕೆ ಬಂದಿದ್ದ, ನೈಜೀರಿಯಾದ ನೆರೆಯ ದೇಶ ಬೆನಿನ್‌ನ ಮಾಥ್ಯೂ ಕೆರೆಕು 1991ರಲ್ಲಿ ಸೋತು ಕೆಳಗಿಳಿದರು. ಆದ್ದರಿಂದಲೇ 1996ರಲ್ಲಿ ಅವರು ಮತ ಕೇಳಿ ಗೆದ್ದದ್ದಕ್ಕೆ ನಾನು ಹೆಚ್ಚು ಬೆಲೆ ಕೊಡುತ್ತೇನೆ. ಕ್ಯೂಬಾದ ಮಾಜಿ ಅಧ್ಯಕ್ಷ ಬಟಿಸ್ಟಾ ಹಾಗಲ್ಲ. 1952ರ ಚುನಾವಣೆಗೆ ಅಭ್ಯರ್ಥಿಯಾಗಿದ್ದೂ, ಗೆಲ್ಲುವ ಸಾಧ್ಯತೆ ಕಾಣದಿದ್ದಾಗ ಮತದಾನಕ್ಕೆ ಮೂರು ತಿಂಗಳೂ ಉಳಿದಿಲ್ಲದಿರುವಾಗ ಸೇನೆಯನ್ನು ಹಿಡಿದು ಅಧಿಕಾರ ಕಿತ್ತುಕೊಂಡರು. 'ವಶ' ಎಂಬ ಪದ ಸಲ್ಲಬೇಕಾದದ್ದು ಅಲ್ಲಿಗೆ.

2019ರ ಫೆಬ್ರವರಿ 27ರಂದು ಬುಹಾರಿ ಮರು ಆಯ್ಕೆಯ ಸುದ್ದಿ ಬಂದಾಗ ಪುಟಗಳೆಲ್ಲ ಭಾರತ–ಪಾಕಿಸ್ತಾನ ಗಡಿಯ ವಾಯುಸಂಘರ್ಷಕ್ಕೆ ಮೀಸಲಾಗಿದ್ದವು. ನನಗೆ ಸಿಕ್ಕಿದ್ದು ಸಿಂಗಲ್ ಕಾಲಮ್ಮಿನ ಹತ್ತು ಸಾಲು. ಸೋತ ಅತಿಕು ಅಬೂಬಕರ್ ಫಲಿತಾಂಶವನ್ನು ಒಪ್ಪಿಲ್ಲ ಎಂಬುದನ್ನು ಎರಡನೇ ವಾಕ್ಯದಲ್ಲೇ ಇಟ್ಟೆ. ಇನ್ನೆರಡು ಸಾಲು ಇಳಿಸಿ ಎಂದು ಚೀಫ್ ಸಬ್ ಹೇಳಿದಾಗ ಬುಹಾರಿಯ ಸೇನಾ ಹಿನ್ನೆಲೆಯನ್ನು ತೆಗೆದು, ಆ ವಾಕ್ಯವನ್ನು ಉಳಿಸಿಕೊಂಡೆ.