ಮಳೆಗಾಲದ ಲಾಂಗ್ ರೇಸಿಗೆ ಎಂಟಿಬಿನಾ, ಗ್ರಾವೆಲ್ಲಾ?

ಮುಂಗಾರು ಶುರುವಾದರೆ ಈ ಪ್ರಶ್ನೆಯೂ ಶುರುವಾಗುತ್ತದೆ. "ಅಣ್ಣಾ, ಮಲೆನಾಡಿನ ಕಡೆ ನೂರಿಪ್ಪತ್ತು ಕಿಲೋಮೀಟರ್ ಆಫ್‌ರೋಡ್ ರೇಸ್ ಇದೆ. ಮಳೆ ಗ್ಯಾರಂಟಿ. ಎಂಟಿಬಿ ತಗೊಂಡು ಹೋಗ್ಲಾ, ಗ್ರಾವೆಲ್ ಸೈಕಲ್ ತಗೊಂಡು ಹೋಗ್ಲಾ?" ಎಂಟಿಬಿ ಅಂದರೆ ದಪ್ಪ ಟೈರು, ನೇರ ಹ್ಯಾಂಡಲ್ ಇರುವ ಮೌಂಟನ್ ಬೈಕ್. ಗ್ರಾವೆಲ್ ಅಂದರೆ ರೇಸ್ ಸೈಕಲ್ಲಿನ ಹಾಗೆ ಬಾಗಿದ ಹ್ಯಾಂಡಲ್ ಇರುವ, ಜಲ್ಲಿ ದಾರಿಗೂ ಆಗುವ ಸೈಕಲ್. ಕೇಳುವವರಲ್ಲಿ ಜಾಸ್ತಿ ಜನ ಬಿಆರ್‌ಎಂ, ಅಂದರೆ ಗೊತ್ತುಮಾಡಿದ ಸಮಯದೊಳಗೆ ಮುಗಿಸುವ ದೂರದ ಸೈಕಲ್ ಸವಾರಿ, ಮಾಡಿ ಪಳಗಿದವರು. 200 ಕಿ.ಮೀ.ಯನ್ನು ಹದಿಮೂರೂವರೆ ಗಂಟೆಯೊಳಗೆ ಮುಗಿಸುವುದು ಅವರಿಗೆ ಹೊಸದಲ್ಲ. ಟಾರು ರಸ್ತೆ ಅವರಿಗೆ ಚೆನ್ನಾಗಿ ಗೊತ್ತು. ಕೆಸರು ಗೊತ್ತಿಲ್ಲ.

ನನ್ನ ಉತ್ತರ ಎಂಟಿಬಿ. ಅದರಲ್ಲೂ ಹಾರ್ಡ್‌ಟೇಲ್, ಅಂದರೆ ಮುಂದಿನ ಫೋರ್ಕಿಗೆ ಮಾತ್ರ ಸಸ್ಪೆನ್ಷನ್ ಇರುವಂಥದ್ದು. ಕೂಡಲೇ ಎಲ್ಲರೂ ಹೇಳುವ ಮಾತು ಒಂದೇ: "ಹೌದು, ದಪ್ಪ ಟೈರ್ ಆದ್ರೆ ಜಾರಲ್ಲ ಅಲ್ವಾ." ಜಾರುವುದು ಆಮೇಲಿನ ಮಾತು. ಮೊದಲು ಚಕ್ರ ತಿರುಗಬೇಕು.

ಇದು ನನಗೆ ಅರ್ಥವಾಗಿದ್ದು ಸಕಲೇಶಪುರದ ಹತ್ತಿರದ ಒಂದು ಕಾಫಿ ತೋಟದಲ್ಲಿ. ನನ್ನ ಹತ್ತಿರ ಗ್ರಾವೆಲ್ ಇತ್ತು, 42 ಮಿ.ಮೀ. ಟೈರ್. ಆ ಫ್ರೇಮಿಗೆ 45ರ ತನಕ ಹಿಡಿಯುತ್ತಿತ್ತು. ಒಣ ದಾರಿಯಲ್ಲಿ ಹಾಯಾಗಿ ಓಡಿದ ಸೈಕಲ್ಲು. ಅವತ್ತು ರಾತ್ರಿಯಿಡೀ ಹೊಯ್ದ ಮಳೆ ಬೆಳಿಗ್ಗೆ ನಿಂತಿತ್ತು. ಕೆಂಪು ಮಣ್ಣಿಗೆ ಸಿಲ್ವರ್ ಓಕಿನ ಎಲೆ, ಕಡ್ಡಿ ಎಲ್ಲ ಬೆರೆತು, ಗೋಡೆಗೆ ಮೆತ್ತುವ ಮಣ್ಣಿನ ಹದಕ್ಕೆ ಬಂದಿತ್ತು. ಅರ್ಧ ಕಿಲೋಮೀಟರ್ ಹೋಗಿರಬಹುದು, ಹಿಂದಿನ ಚಕ್ರ ಭಾರವಾಯಿತು. ಏರು ಜಾಸ್ತಿ ಆಯ್ತೇನೋ ಅಂದುಕೊಂಡು ಇನ್ನೂ ಬಲವಾಗಿ ತುಳಿದೆ. ಟಕ್ ಅಂತ ಸದ್ದಾಯಿತು. ಇಳಿದು ನೋಡಿದರೆ ಪೆಡಲ್ ಬುಡದ ಹಿಂದೆ, ಫ್ರೇಮಿನ ಎರಡು ಕೊಳವೆ ಕೂಡುವ ಕಡೆ, ತೆಂಗಿನಕಾಯಿ ಗಾತ್ರದ ಮಣ್ಣಿನ ಮುದ್ದೆ. ಚಕ್ರ ಒಂದಿಂಚೂ ತಿರುಗುತ್ತಿಲ್ಲ. ಚೈನನ್ನು ಒಂದು ಗೇರಿನಿಂದ ಇನ್ನೊಂದಕ್ಕೆ ಸರಿಸುವ ಡಿರೇಲರನ್ನು ಫ್ರೇಮಿಗೆ ಹಿಡಿದಿಡುವ ಹ್ಯಾಂಗರ್ ಬಾಗಿ, ಡಿರೇಲರ್ ಒಳಗೆ ವಾಲಿತ್ತು.

ಬೆರಳಿನಿಂದ ಕೆರೆದೆ. ಹತ್ತು ಮೀಟರ್ ತಳ್ಳುವಷ್ಟರಲ್ಲಿ ಮತ್ತೆ ಅಷ್ಟೇ. ತೋಟದಲ್ಲಿ ಕೆಲಸ ಮಾಡುತ್ತಿದ್ದ ಹಿರಿಯರೊಬ್ಬರು ನೋಡುತ್ತಿದ್ದರು. ಕತ್ತಿಯಲ್ಲಿ ಬಿದಿರು ಸೀಳಿ, ಗೇಣುದ್ದದ ಚಪ್ಪಟೆ ಕಡ್ಡಿ ಮಾಡಿ ಕೈಗೆ ಕೊಟ್ಟರು. "ತಗಳಿ, ಇದ್ರಲ್ಲಿ ಕೆರೀರಿ. ನೇಗಿಲು ಕೆರೆಯೋದೂ ಹಿಂಗೇಯ." ಆ ಕಡ್ಡಿಯಿಂದಲೇ ನಾನು ಟಾರು ರಸ್ತೆಯ ತನಕ ಬಂದೆ. ಈಗಲೂ ಮಳೆಗಾಲದಲ್ಲಿ ಸೈಕಲ್ಲಿನ ಬ್ಯಾಗಿನಲ್ಲಿ ಅಂಥದ್ದೊಂದು ಇರುತ್ತದೆ.

ಹಾಗಾಗಿ ನೀವು ಮೊದಲು ನೋಡಬೇಕಾದ್ದು ಟೈರಿಗೂ ಫ್ರೇಮಿಗೂ ನಡುವಿನ ಸಂದು. ಗ್ರಾವೆಲ್‌ಗೆ ಸಾಮಾನ್ಯವಾಗಿ 38ರಿಂದ 45 ಮಿ.ಮೀ. ಟೈರ್ ಹಾಕುತ್ತಾರೆ. ಎಂಟಿಬಿಗೆ 2.1ರಿಂದ 2.4 ಇಂಚು, ಅಂದರೆ ಸುಮಾರು 53ರಿಂದ 61 ಮಿ.ಮೀ. ಈಗಿನ ಬಹಳಷ್ಟು ಹಾರ್ಡ್‌ಟೇಲ್‌ಗಳಲ್ಲಿ 2.4 ಇಂಚಿನ ಟೈರ್ ಹಿಡಿಯುತ್ತದೆ. ಹಾಗಂತ ಅದನ್ನೇ ಹಾಕಬೇಡಿ. 2.1 ಹಾಕಿ. ಪ್ರತಿ ಬದಿಯಲ್ಲಿ ಸುಮಾರು 4 ಮಿ.ಮೀ. ಜಾಗ ಜಾಸ್ತಿ ಸಿಗುತ್ತದೆ. ಟೈರಿನ ಗುಬ್ಬಿಗಳು, ಅಂದರೆ ಮೇಲಿನ ಉಬ್ಬುಗಳು, ದೂರದೂರ ಇರಲಿ, ಆಗ ಮೆತ್ತಿದ ಮಣ್ಣು ತಾನಾಗಿ ಉದುರುತ್ತದೆ. ನನ್ನ ಲೆಕ್ಕ ಸುಲಭ: ಟೈರಿಗೂ ಫ್ರೇಮಿಗೂ ನಡುವೆ ಕಿರುಬೆರಳು ಸಲೀಸಾಗಿ ತೂರಬೇಕು. ತೂರದಿದ್ದರೆ ಆ ಸೈಕಲ್ಲನ್ನು ಕೆಸರಿನ ರೇಸಿಗೆ ತರಬೇಡಿ, ಅದರ ಬೆಲೆ ಎಷ್ಟೇ ಇರಲಿ.

ಆದರೆ ಎಲ್ಲ ಮಣ್ಣೂ ಒಂದೇ ಅಲ್ಲ. ಜಲ್ಲಿ, ಮರಳು ಬೆರೆತ ಮಣ್ಣು ನೆನೆದರೆ ಗಟ್ಟಿಯಾಗಿ ಕೂರುತ್ತದೆ, ಅದರ ಮೇಲೆ ಗ್ರಾವೆಲ್ ಚೆನ್ನಾಗಿಯೇ ಓಡುತ್ತದೆ. ಗದಗ, ನವಲಗುಂದದ ಕಡೆಯ ಎರೆ ಮಣ್ಣು ನೆನೆದರೆ ಎಂಟಿಬಿಯೂ ಓಡುವುದಿಲ್ಲ. ಮಳೆ ಬಿದ್ದ ಎರೆ ಹೊಲಕ್ಕೆ ಅಲ್ಲಿನ ರೈತರು ಹದ ಬರುವ ತನಕ ಇಳಿಯುವುದಿಲ್ಲ. ನಾವು ಸೈಕಲ್ ಹೊಡೆಯುತ್ತೇವೆ ಅಂದರೆ ಆಗುತ್ತಾ? ಅಲ್ಲಿ ಹೆಗಲ ಮೇಲೆ ಹೊತ್ತು ನಡೆಯಬೇಕು, ಅಷ್ಟೇ. ತಳ್ಳಿದರೂ ಚಕ್ರ ಮಣ್ಣು ಸುತ್ತಿಕೊಂಡು ಒನಕೆಯ ಹಾಗೆ ಭಾರವಾಗುತ್ತದೆ.

ಇದು ನಮ್ಮೂರಿನ ಕಷ್ಟ ಮಾತ್ರ ಅಲ್ಲ. ಅಮೆರಿಕದ ಕನ್ಸಾಸ್‌ನಲ್ಲಿ ಅನ್‌ಬೌಂಡ್ ಗ್ರಾವೆಲ್ ಅಂತ ಒಂದು ದೊಡ್ಡ ರೇಸ್ ಇದೆ, 200 ಮೈಲಿ, ಅಂದರೆ 320 ಕಿ.ಮೀ. 2023ರಲ್ಲಿ ಅಲ್ಲಿ ರೇಸ್ ಶುರುವಾಗಿ 20 ಕಿ.ಮೀ. ಆಗುವಷ್ಟರಲ್ಲೇ ಅಂಟು ಕೆಸರಿನ ಹಾದಿ ಸಿಕ್ಕಿತು. ನೂರಾರು ಜನ ಇಳಿದು, ಸೈಕಲ್ ಹೊತ್ತು ನಡೆದರು. ಎಷ್ಟೋ ಜನರ ಡಿರೇಲರ್ ಅಲ್ಲೇ ಮುರಿಯಿತು. ಅಲ್ಲಿನವರು ಪೇಂಟ್ ಕದಡುವ ಮರದ ಪಟ್ಟಿಯನ್ನು ಮಣ್ಣು ಕೆರೆಯಲು ಜೊತೆಗೇ ಇಟ್ಟುಕೊಳ್ಳುತ್ತಾರೆ. ನನಗೆ ಸಕಲೇಶಪುರದ ಆ ಬಿದಿರಿನ ಕಡ್ಡಿ ನೆನಪಾಯಿತು. ಹಾಗಿದ್ದರೂ ಅಲ್ಲಿ ಗ್ರಾವೆಲ್ಲೇ ಯಾಕೆ ಓಡಿಸುತ್ತಾರೆ? ಆ ಕೆಸರು ಕೆಲವೇ ಕಿಲೋಮೀಟರ್, ಉಳಿದದ್ದು ವೇಗವಾಗಿ ಓಡುವ ಜಲ್ಲಿ ದಾರಿ. ಆ ವರ್ಷ ಗೆದ್ದ ಕೀಗನ್ ಸ್ವೆನ್ಸನ್ ಅಷ್ಟೆಲ್ಲ ಆಗಿಯೂ ಸುಮಾರು 10 ಗಂಟೆಯಲ್ಲಿ ಮುಗಿಸಿದರು. ಮಲೆನಾಡಿನ ತೋಟದ ದಾರಿಯಲ್ಲಿ ಆ ವೇಗ ಕನಸಿನ ಮಾತು.

ಇಲ್ಲಿ ಏರು ಹತ್ತುವುದೇ ದೊಡ್ಡ ಕೆಲಸ. ಗೇರಿನ ಲೆಕ್ಕ ನೋಡಿ. ಪೆಡಲ್ ಹತ್ತಿರ ಒಂದೇ ಹಲ್ಲುಚಕ್ರ ಇರುವ ಗ್ರಾವೆಲ್‌ನಲ್ಲಿ ಮುಂದಿನ ಆ ಚಕ್ರಕ್ಕೆ 40 ಹಲ್ಲು, ಹಿಂದಿನ ದೊಡ್ಡ ಹಲ್ಲುಚಕ್ರಕ್ಕೆ 42 ಅಂತಿಟ್ಟುಕೊಳ್ಳಿ. ಅತಿ ಹಗುರ ಗೇರಿನಲ್ಲಿ ಒಂದು ಸುತ್ತು ತುಳಿದರೆ ಸುಮಾರು 2.1 ಮೀಟರ್ ಮುಂದೆ ಹೋಗುತ್ತೀರಿ. ಎಂಟಿಬಿಯಲ್ಲಿ ಮುಂದೆ 32, ಹಿಂದೆ 51 ಇದ್ದರೆ ಸುಮಾರು 1.4 ಮೀಟರ್. ಕೆಸರಿನ ಏರಿನಲ್ಲಿ ಈ ವ್ಯತ್ಯಾಸ ಕಾಲಿಗೆ ಕೂಡಲೇ ತಿಳಿಯುತ್ತದೆ. ಗ್ರಾವೆಲ್‌ನಲ್ಲಿ ಎದ್ದು ನಿಂತು ತುಳಿಯಬೇಕಾಗುತ್ತದೆ. ಎದ್ದರೆ ಹಿಂದಿನ ಚಕ್ರದ ಮೇಲಿನ ಭಾರ ಹೋಗಿ ಅದು ಸುಮ್ನೆ ಅಲ್ಲೇ ತಿರುಗುತ್ತದೆ. ಎಂಟಿಬಿಯಲ್ಲಿ ಕೂತೇ ನಿಧಾನವಾಗಿ ಹತ್ತಬಹುದು.

ಇಳಿಜಾರು ಇನ್ನೊಂದು ಕಥೆ. ಆರೇಳು ಗಂಟೆ ಮಳೆಯಲ್ಲಿ ನೆನೆದ ಬೆರಳುಗಳಿಗೆ ಬ್ರೇಕ್ ಹಿಡಿಯುವ ಶಕ್ತಿ ಕಡಿಮೆಯಾಗಿರುತ್ತದೆ. ಎಂಟಿಬಿಯ ನೇರ ಹ್ಯಾಂಡಲ್‌ನಲ್ಲಿ ಒಂದು ಬೆರಳು ಸದಾ ಬ್ರೇಕಿನ ಮೇಲೇ ಇರುತ್ತದೆ, ಕೈ ಅಗಲವಾಗಿರುವುದರಿಂದ ಸೈಕಲ್ ಹಿಡಿತದಲ್ಲಿರುತ್ತದೆ. ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಮಲೆನಾಡಿನ ಮರದ ನೆರಳಿನ ಸಿಮೆಂಟ್ ರಸ್ತೆಗಳ ಮೇಲೆ ಪಾಚಿ ಕಟ್ಟಿರುತ್ತದೆ. ಅಲ್ಲಿ ಯಾವ ಟೈರಿಗೂ ಹಿಡಿತ ಇಲ್ಲ. ತಿರುವಿನ ಮೊದಲೇ ವೇಗ ಇಳಿಸಿ, ತಿರುವಿನಲ್ಲಿ ಬ್ರೇಕ್ ಮುಟ್ಟಬೇಡಿ. ಕೆಸರಿಗಿಂತ ಈ ಪಾಚಿಯ ಮೇಲೆ ಬಿದ್ದು ಕೈ ಮುರಿದುಕೊಂಡವರನ್ನೇ ನಾನು ಜಾಸ್ತಿ ನೋಡಿದ್ದೇನೆ.

ಹಾಗಾದರೆ ಗ್ರಾವೆಲ್ ಯಾವಾಗ? ರೇಸಿನ ಮುಕ್ಕಾಲು ಭಾಗ ಟಾರು ಇಲ್ಲವೇ ಗಟ್ಟಿ ಜಲ್ಲಿ ದಾರಿ ಆಗಿದ್ದರೆ ಕಣ್ಣು ಮುಚ್ಚಿ ಗ್ರಾವೆಲ್ ತಗೊಳ್ಳಿ. ಎದುರುಗಾಳಿಯಲ್ಲಿ ಬಗ್ಗಿ ಕೂರಬಹುದು, ಕೈ ಇಡಲು ಮೂರು ಜಾಗ ಇರುತ್ತದೆ. ದಾರಿ ಹೇಗಿದೆ ಅಂತ ಆಯೋಜಕರಿಗೆ ಫೋನ್ ಮಾಡಿ ಕೇಳಿ. ಆಗದಿದ್ದರೆ ಆ ಊರಿನ ಹಾಲಿನ ಗಾಡಿಯವರನ್ನು ಕೇಳಿ. ಯಾವ ದಾರಿ ಮಳೆಯಲ್ಲಿ ಹೂತುಹೋಗುತ್ತದೆ ಅಂತ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಕೊನೆಗೆ ಒಂದು, ಇದನ್ನು ಯಾರೂ ಕೇಳುವುದಿಲ್ಲ: ಬ್ರೇಕ್ ಪ್ಯಾಡ್. ನೀರು, ಮರಳು ಎರಡೂ ಸೇರಿದರೆ ಮೆತ್ತನೆಯ ರೆಸಿನ್ ಪ್ಯಾಡ್ ಒಂದೇ ದಿನದಲ್ಲಿ ಸವೆದು ತಗಡು ಕಾಣುತ್ತದೆ. ಮಳೆಗೆ ಮೆಟಲ್ ಪ್ಯಾಡ್ ಹಾಕಿ, ನಿಮ್ಮ ರೋಟರ್, ಅಂದರೆ ಪ್ಯಾಡ್ ಒತ್ತಿ ಹಿಡಿಯುವ ತಟ್ಟೆ, ಅದಕ್ಕೆ ಆಗುತ್ತಾ ಅಂತ ಅಂಗಡಿಯಲ್ಲಿ ಕೇಳಿಕೊಂಡೇ ಹಾಕಿ. ಕೇಬಲ್ ಡಿಸ್ಕ್ ಬ್ರೇಕ್ ಆದರೆ ಪ್ಯಾಡ್ ಸವೆದಂತೆ ನೀವೇ ಬಿಗಿ ಮಾಡುತ್ತಿರಬೇಕು. ಹೈಡ್ರಾಲಿಕ್ ತಾನೇ ಸರಿಹೊಂದಿಕೊಳ್ಳುತ್ತದೆ.

ಕಳೆದ ವಾರ ಕೇಳಿದ ಹುಡುಗನ ಹತ್ತಿರ ಇದ್ದದ್ದು ಗ್ರಾವೆಲ್ ಒಂದೇ. ಇನ್ನೊಂದು ಸೈಕಲ್ ತಗೊಳ್ಳುವಷ್ಟು ದುಡ್ಡಿಲ್ಲ. 40ರ ಟೈರ್ ತೆಗೆದು ಗುಬ್ಬಿ ಇರುವ 35 ಹಾಕು ಅಂದೆ. "ಅಣ್ಣಾ, ಕೆಸರಿಗೆ ಸಣ್ಣ ಟೈರಾ?" ಅಂತ ಅವನು ನಂಬಲಿಲ್ಲ. ಮನೆಗೆ ಹೋಗಿ ಫ್ರೇಮಿನ ಸಂದಿಗೆ ಕಿರುಬೆರಳು ತೂರಿಸಿ ಫೋಟೋ ಕಳಿಸಿದ. ಉಗುರಿನ ತನಕವೂ ಹೋಗಿರಲಿಲ್ಲ. ಮಾರನೇ ದಿನ 35 ಹಾಕಿಸಿಕೊಂಡು ಬಂದ. ಹೊರಡುವಾಗ ಅವನ ಬ್ಯಾಗಿಗೆ ಒಂದು ಜೊತೆ ಪ್ಯಾಡ್, ಒಂದು ಹ್ಯಾಂಗರ್, ಒಂದು ಬಿದಿರಿನ ಕಡ್ಡಿ ಹಾಕಿ ಕಳಿಸಿದೆ.